ಹೊಟ್ಟಿ ಕೊಯ್ದ ಪುಸ್ತಕಗಳ ಉಸಾಬರಿ

ನಾನು ಯಾರ ತಂಟೆಗೂ ಹೋಗಾವಲ್ಲ. ಆದ್ರ ತಂಟೆ ಅನ್ನೋದು ನನ್ನ ಮನಿ ವಿಳಾಸ ಕೇಳಿಕೊಂಡು ಬರ್ತೈತಿ. ಬಂದು, ಕುಂತು, ಚಾ ಕುಡದು, ಆಮ್ಯಾಲೆ ಹೋಗ್ತೈತಿ.

ಬಳ್ಳಾರಿಯಾಗ ಮೂವತ್ತು ವರ್ಷ ಬುಕ್ ಬೈಂಡಿಂಗ್ ಮಾಡಿದೆ. ಆಫೀಸಿನ ರಿಜಿಸ್ಟರು, ವಕೀಲರ ದಪ್ಪ ಪುಸ್ತಕ, ಸಾಲಿ ಹಾಜರಿ ಬುಕ್ಕು, ಬೆನ್ನು ಮುರದ ಕಾದಂಬರಿ, ಎಲ್ಲಾ ಹೊಲದು, ಅಂಟು ಬಳದು, ರಟ್ಟು ಹಾಕಿ ನೆಟ್ಟಗ ನಿಲ್ಲಿಸಿ ಕಳಿಸೀನಿ. "ಚಲೋ ಮಾಡೀರಿ" ಅಂತ ಒಬ್ಬರು ಅಂದದ್ದು ನೆನಪಿಲ್ಲ. ಕಂಪ್ಯೂಟರ್ ಬಂದ ಮ್ಯಾಲೆ ರಿಜಿಸ್ಟರು ನಿಂತವು. ಅಂಗಡಿ ಮುಚ್ಚಿ ಪಾರ್ವತಿನಗರದ ಮನಿಯಾಗ ಕುಂತೆ. ಕುಂತಾವ ಸುಮ್ಮನ ಕುಂತಿದ್ರ ಆಗ್ತಿತ್ತು. ಸುಮ್ಮನಿರಲಾರದ ಇರವಿ ಬಿಟಗೊಂಡ ಅಂತಾರಲ್ಲ, ಹಂಗ ಒಂದಿನ ಒಂದು ಹಳೇ ಪುಸ್ತಕದ ಹೊಟ್ಟಿ ಕೊಯ್ದು ಒಳಗ ಡಬ್ಬಿ ಮಾಡಿದೆ. ಹೊರಗಿಂದ ನೋಡಿದ್ರ ಪುಸ್ತಕ, ತೆಗದ್ರ ಖಾಲಿ. ಏನರ ಮುಚ್ಚಿಡಾಕ ಅನುಕೂಲ. ಅವತ್ತಿಂದ ನನಗ ಬಿಡುವಿಲ್ಲ. ತುಂಬಿದ ಪುಸ್ತಕ ಕಟ್ಟುವಾಗ ತಿರುಗಿ ನೋಡದ ಜನ ಖಾಲಿ ಪುಸ್ತಕಕ್ಕ ಬಾಗಲಾ ಬಡ್ಯಾಕತ್ತಿದ್ರು. ಇದರಾಗ ನನಗ ಆಶ್ಚರ್ಯ ಏನಿಲ್ಲ, ಸ್ವಲ್ಪ ಸಿಟ್ಟೈತಿ.

ಇದಕ್ಕ "ಹೊಟ್ಟಿ ಪುಸ್ತಕ" ಅಂತ ಹೆಸರಿಟ್ಟಾಕಿ ನನ್ನ ಹೆಂಡತಿ. ಪ್ರೀತಿಯಿಂದ ಇಟ್ಟಿದ್ದಲ್ಲ. ಆಕಿ ಕುರುಗೋಡಿನ ಪುರಾಣದ ತಾತನ ಮಗಳು. ನಮ್ಮ ಮಾವ ನಲವತ್ತು ವರ್ಷದಿಂದ ಊರ ಗುಡಿಯಾಗ ಶ್ರಾವಣ ಮಾಸ ಪೂರ್ತಿ ಶರಣರ ಪುರಾಣ ಓದಿ ಅರ್ಥ ಹೇಳಾವರು. ದಾರಿಯಾಗ ಶೇಂಗಾ ಪೊಟ್ಣದ ಕಾಗದ ಬಿದ್ದಿದ್ರೂ, ಅದರ ಮ್ಯಾಲೆ ಅಕ್ಷರ ಐತಿ ಅಂತ ಎತ್ತಿ ಕಣ್ಣಿಗೊತ್ತಿಕೊಂಡು ಗ್ವಾಡಿ ಸಂದ್ಯಾಗ ಸಿಗಿಸೋ ಮನುಷ್ಯ. ಅಂಥವರ ಅಳಿಯ ಪುಸ್ತಕದ ಹೊಟ್ಟಿಗೆ ಬ್ಲೇಡು ಹಾಕ್ತಾನ.

"ನಮ್ಮಪ್ಪಗ ಗೊತ್ತಾದ್ರ ಈ ಹೊಸ್ತಿಲಾ ತುಳಿಯಂಗಿಲ್ಲ" ಅಂತ ಆಕಿ ದಿನಕ್ಕೊಮ್ಮೆ ಅಂತಿದ್ದಳು. ಆದ್ರ ಆದದ್ದ ಬ್ಯಾರೆ. ಕಡೀಕ ಈ ಹೊಟ್ಟಿ ಪುಸ್ತಕದ ದೆಸೆಯಿಂದ ಮಾವನ ನಲವತ್ತು ವರ್ಷದ ಪುರಾಣದ ಪೀಠಕ್ಕ ಕುತ್ತು ಬಂತು. ಅಲ್ಲೀಮಟ ಹೋಗಾಕ ಮೊದಲು ಉಳದವರ ಕಥಿ ಕೇಳ್ರಿ.

ಬೀರುವಾದ ಕೀಲಿಕೈ

ಮೊದಲನೇ ಹೊಟ್ಟಿ ಪುಸ್ತಕ ಮಾಡಿದ್ದು ನಮ್ಮ ಮನಿಗೆ. ಒಬ್ಬ ವಕೀಲರು ಕಾಯ್ದೆ ಬದಲಾತು ಅಂತ ಬಿಟ್ಟುಹೋಗಿದ್ದ ದಪ್ಪ ಪುಸ್ತಕ ಇತ್ತು. ಅದನ್ನ ತಗೊಂಡೆ. ಮಾಡೋದು ಕಷ್ಟ ಏನಿಲ್ಲ. ಮೊದಲ ಇಪ್ಪತ್ತು ಹಾಳಿ ಬಿಡಬೇಕು, ತೆಗದವರಿಗೆ ಅಕ್ಷರ ಕಾಣಬೇಕಲ್ಲ. ಆಮ್ಯಾಲೆ ಸ್ಟೀಲ್ ಪಟ್ಟಿ ಇಟ್ಟು ನಾಕೂ ಕಡೆ ಗೆರಿ ಎಳದು, ಹತ್ತ್ಹತ್ತು ಹಾಳಿ ಕೊಯ್ಕೋಂತ ಹೋಗಬೇಕು. ಅಂಚಿಗೆ ಅಂಟು ಬಳದು ಪ್ರೆಸ್ಸಿನಾಗ ಬಿಗದ್ರ ಹಾಳಿ ಎಲ್ಲಾ ಕೂಡಿ ಹಲಗಿ ಆಗ್ತೈತಿ.

ನನ್ನ ಅಂಟಿನ ಮ್ಯಾಲೆ ನನಗ ಭಾಳ ಅಭಿಮಾನ. ಮೈದಾ ಕುದಿಸಿ, ಹುಳ ಹತ್ತಬಾರದು ಅಂತ ಮೈಲುತುತ್ತ ಹಾಕಿ ಮಾಡಿದ್ದು. ಮೂವತ್ತು ವರ್ಷದಾಗ ನಾ ಅಂಟಿಸಿದ್ದು ಬಿಚ್ಚಿದ ದಾಖಲಿ ಇಲ್ಲ. ಆ ಹುರುಪಿನ್ಯಾಗ ಒಂದು ಕೈ ಹೆಚ್ಚ ಬಳದೆ. ಅಳತಿ ಸರಿ ಐತೋ ಇಲ್ಲೋ ನೋಡಾಕ ಬೀರುವಾದ ಕೀಲಿಕೈ ಒಳಗ ಇಟ್ಟಿದ್ದೆ. ತೆಗಿಯೋದು ಮರತು ಪ್ರೆಸ್ಸಿಗೆ ಹಾಕಿ ತಿರುಪು ಬಿಗದೆ.

ಎರಡು ದಿನ ಬಿಟ್ಟು ತೆಗದ್ರ ಪುಸ್ತಕ ಹೋಗಿ ಇಟ್ಟಂಗಿ ಆಗಿತ್ತು. ಮ್ಯಾಲಿನ ಇಪ್ಪತ್ತು ಹಾಳಿನೂ ಕೂಡಿಕೊಂಡಿದ್ದವು. ಉಗುರು ಹಾಕಿದೆ, ಚಾಕು ಹಾಕಿದೆ, ಬಿಸಿನೀರಿನ ಅರಿವಿ ಇಟ್ಟೆ. ಅಲುಗಾಡಿಸಿದ್ರ ಒಳಗ ಕೀಲಿಕೈ ಗಲಗಲ ಅಂತೈತಿ, ಹೊರಗ ಬರಂಗಿಲ್ಲ. ಅವತ್ತ ನಮ್ಮ ಷಡಕನ ಮಗಳ ಮದುವಿ. ಹೆಂಡತಿ ರೇಷ್ಮಿ ಸೀರಿ ಬೀರುವಾದಾಗ. ಹೊರಗ ಆಟೋದವ ಹಾರ್ನ್ ಹೊಡ್ಯಾಕತ್ತಿದ್ದ.

"ನೋಡು, ಕಳ್ಳ ಬಂದ್ರೂ ಇದನ್ನ ತೆಗಿಯಾಕ ಆಗಂಗಿಲ್ಲ" ಅಂತ ನಾನು ಸಮಾಧಾನ ಹೇಳಾಕ ಹೋದೆ.

ಆಕಿ ಪುಸ್ತಕ ಕೈಯಾಗ ಹಿಡದು ಮ್ಯಾಲಿಂದ ಕೆಳಗ ನೋಡಿ, "ಇರ್ಲಿ ಬಿಡ್ರಿ, ಮದುವಿಗೆ ಇದನ್ನ ಉಟಗೊಂಡು ಹೋಗ್ತೀನಿ" ಅಂದಳು.

ಎಂಟು ಫೂಟು ಪುಸ್ತಕ

ಸಿರುಗುಪ್ಪದಾಗ ಒಬ್ಬ ರೈಸ್‌ಮಿಲ್ ಸಾವುಕಾರ್ರು ಹೊಸಾ ಮನಿ ಕಟ್ಟಿಸಿದ್ರು. ಟೀವಿ ಬಾಜು ಗಾಜಿನ ಅಲಮಾರಿ. "ಇಲ್ಲಿ ಪುಸ್ತಕ ಇಟ್ರ ಮನಿಗೆ ಒಂದು ಲುಕ್ ಬರ್ತೈತಿ" ಅಂತ ಅದನ್ನ ಮಾಡಿದಾವ ಅಂದಿದ್ನಂತ. ಸಾವುಕಾರ್ರು ನನ್ನ ಮನಿಗೆ ಬಂದ್ರು.

"ಎಂಟು ಫೂಟು ಪುಸ್ತಕ ಬೇಕ್ರಿ."

"ಯಾವ ಪುಸ್ತಕ್ರಿ?"

"ಎಂಟು ಫೂಟು."

"ಅಲ್ರಿ, ವಿಷಯ ಯಾವುದು?"

"ಮರೂನ್ ಕಲರ್. ಸೋಫಾಕ್ಕ ಹೊಂದಬೇಕು."

ಒಳಗ ಹಾಳಿ ಬ್ಯಾಡ, ಬರೀ ಬೆನ್ನು ಸಾಕು ಅಂತ ಮಾತಾತು. ಒಂದು ಉದ್ದನ ಹಲಗಿಗೆ ರಟ್ಟಿನ ಬೆನ್ನು ಸಾಲಾಗಿ ಅಂಟಿಸಿ, ಮ್ಯಾಲೆ ಬಂಗಾರದ ಬಣ್ಣದಾಗ ಹೆಸರು ಬರದು ಕೊಡಬೇಕು. ಹೋಗುವಾಗ ಸಾವುಕಾರ್ರು ಹೊಳ್ಳಿ ನಿಂತು, "ನಮ್ಮ ಬೀಗರು ಆದೋನಿ ಕಡೆಯವರ್ರಿ, ನಾಕು ತೆಲುಗಿನ್ಯಾಗ ಇರ್ಲಿ, ಅವರಿಗೂ ಬ್ಯಾಸರ ಆಗಬಾರದು" ಅಂದ್ರು. ಅದೇನು ನಮಗ ಕಷ್ಟ ಅಲ್ಲ. ಬಳ್ಳಾರಿಯಾಗ ಹುಟ್ಟಿದಾವಗ ಕನ್ನಡ ಅಕ್ಷರದ ತಲಕಟ್ಟು ಸ್ವಲ್ಪ ತಿದ್ದಿದ್ರ ತೆಲುಗು ಬರ್ತೈತಿ.

"ಹೆಸರು ಏನಂತ ಬರೀಲ್ರಿ?"

"ಏನರ ಬರೀರಿ. ಓದಾವರು ಯಾರದಾರ."

ಆ ಮಾತಿಗೆ ನನಗ ಉರೀತು. ಮೂವತ್ತು ವರ್ಷ ಪುಸ್ತಕ ಕಟ್ಟಿದಾವನ ಮುಂದ ಆಡೋ ಮಾತಲ್ಲ ಅದು. ಬರದೆ. "ನುಚ್ಚಿನ ಇತಿಹಾಸ", ಭಾಗ ಒಂದರಿಂದ ಹನ್ನೆರಡು. "ತೌಡು ಕುಟ್ಟುವ ಶಾಸ್ತ್ರ", ಎಂಟು ಸಂಪುಟ. ತೆಲುಗಿನ್ಯಾಗೂ ಇವನ್ನ ಬರದೆ.

ಗೃಹಪ್ರವೇಶಕ್ಕ ನನ್ನೂ ಕರದಿದ್ರು. ಒಬ್ಬ ಕಾಲೇಜ್ ಪ್ರಿನ್ಸಿಪಾಲ್ರು ಬಂದಿದ್ರು. ಅವರು ಕೈ ಹಿಂದ ಕಟಗೊಂಡು ಅಲಮಾರಿ ಮುಂದ ನಿಂತು ಒಂದೊಂದ ಹೆಸರು ಓದಾಕತ್ತಿದ್ರು. ನಾನು ಉಪ್ಪಿಟ್ಟಿನ ತಟ್ಟಿ ಹಿಡಕೊಂಡು ಬಾಗಲದ ಮರಿಗೆ ಸರದೆ. ಅವರು ನಗಲಿಲ್ಲ. "ಇದು ಸ್ಥಳೀಯ ಇತಿಹಾಸ. ಎಲ್ಲೂ ಸಿಗೂದಿಲ್ಲ ಇಂಥವು. ಸಾವುಕಾರ್ರ, ನುಚ್ಚಿನ ಇತಿಹಾಸ ಮೂರನೇ ಭಾಗ ಒಂದು ವಾರ ಒಯ್ಯಲೇನ್ರಿ?" ಅಂದು ಕೈ ಮುಂದ ಮಾಡಿದ್ರು. ಒಂದು ಎಳದ್ರ ಎಂಟು ಫೂಟೂ ಹಲಗಿ ಸಮೇತ ಬರ್ತೈತಿ.

ಸಾವುಕಾರ್ರು ಅಡ್ಡ ಬಂದು, "ಬ್ಯಾಡ್ರಿ ಸರ, ನಾನಿನ್ನೂ ಎರಡನೇ ಭಾಗದಾಗ ಅದೀನಿ. ಮೂರು ಹೋದ್ರ ನನ್ನ ಓದು ನಿಂತುಬಿಡ್ತೈತಿ" ಅಂದ್ರು.

ಪ್ರಿನ್ಸಿಪಾಲ್ರಿಗೆ ಕಣ್ಣು ತುಂಬೋದೊಂದು ಬಾಕಿ. ಹದಿನೈದು ದಿನಕ್ಕ ಅವರ ಕಾಲೇಜಿನ ಓದುಗರ ದಿನಕ್ಕ ಸಾವುಕಾರ್ರೇ ಮುಖ್ಯ ಅತಿಥಿ. ಸಾವುಕಾರ್ರು ನನ್ನ ಹುಡಿಕ್ಕೊಂಡು ಬಂದು, "ನಿಮ್ಮ ದೆಸೆಯಿಂದ ಹಿಂಗಾತು, ಏನ್ ಮಾತಾಡ್ಲಿ ಹೇಳ್ರಿ" ಅಂತ ಕುಂತ್ರು. "ಒಂದನೇ ಭಾಗದಾಗ ಏನೈತೋ ಅದನ್ನ ಹೇಳ್ರಿ" ಅಂದೆ. ಮತ್ತೇನ್ ಹೇಳ್ಲಿ. ಅವರು ಹೋಗಿ ನುಚ್ಚು, ತೌಡು, ಭತ್ತ ಕಚ್ಚಿ ಹಸಿ ಒಣ ಹೆಂಗ ಗುರುತು ಹಿಡಿಬೇಕು, ಇಷ್ಟನ್ನ ಅರ್ಧ ತಾಸು ಮಾತಾಡಿ ಬಂದ್ರು. ಹುಡುಗರು ಎದ್ದು ನಿಂತು ಚಪ್ಪಾಳಿ ಹೊಡದ್ರಂತ. "ಓದಿದ್ದು ರಕ್ತಗತ ಆಗೈತಿ" ಅಂತ ಪ್ರಿನ್ಸಿಪಾಲ್ರು ವಂದನಾರ್ಪಣೆ ಮಾಡಿದ್ರಂತ.

ಮರುದಿನ ಸಾವುಕಾರ್ರ ಫೋನು ಬಂತು.

"ಇನ್ನ ನಾಕು ಫೂಟು ಕಳಸ್ರಿ. ಅಷ್ಟೂ ಓದಿ ಮುಗದ್ವು."

ಸೊಸಿ ಓದೋ ಪುಸ್ತಕ

ನಮ್ಮ ಓಣ್ಯಾಗ ಒಂದು ಅತ್ತಿ-ಸೊಸಿ ಮನಿ ಐತಿ. ಅತ್ತಿ ರೂಪನಗುಡಿಯಾಕಿ, ಸಾಲಿ ಕಂಡಿಲ್ಲ. ಫೋನು ಹಿಡದ ಸೊಸಿ ಮನಿ ಉದ್ಧಾರ ಮಾಡಂಗಿಲ್ಲ ಅಂತ ಆಕಿದು ಒಂದ ಹಟ. ಸೊಸಿಗೆ ಮಧ್ಯಾಹ್ನ ಒಂದು ತಾಸು ಧಾರಾವಾಹಿ ನೋಡ್ಲಿಲ್ಲಂದ್ರ ಉಂಡಿದ್ದು ಅರಗಂಗಿಲ್ಲ. ಆ ಹುಡುಗಿ ಬಂದು, "ಕಾಕಾರ, ಫೋನು ಹಿಡಿಸೋ ಅಷ್ಟು ಒಂದು ಮಾಡಿಕೊಡ್ರಿ" ಅಂದಳು. ಮ್ಯಾಲಿನ ರಟ್ಟು ಭಕ್ತಿ ಪುಸ್ತಕದ್ದ ಇರ್ಲಿ ಅಂತ ಹುಡಿಕಿ ಹಾಕಿಕೊಟ್ಟೆ. ಕಿವಿಗೆ ಸಿಗಿಸಿದ ಇಯರ್‌ಫೋನಿನ ಗುಂಡಿ ಸೆರಗಿನಾಗ ಮುಚ್ಚಿಕೊಂಡು ಆಕಿ ದಿನಾ ಪಡಸಾಲಿಯಾಗ ಪುಸ್ತಕ ತೆಗದು ಕುಂದ್ರಾಕತ್ತಿದಳು.

ಅತ್ತಿಗೆ ಖುಷಿ ಆತು. ಓಣಿ ತುಂಬ "ನಮ್ಮ ಸೊಸಿ ಭಕ್ತಿ ಪುಸ್ತಕ ಓದ್ತಾಳ" ಅಂತ ಹೇಳಿಕೊಂಡು ಬಂದಳು. ಆದ್ರ ಸೊಸಿ ಭಕ್ತಿ ಪುಸ್ತಕ ಓದಿಕೋಂತ ಒಮ್ಮೊಮ್ಮೆ ನಗ್ತಾಳ, ಒಮ್ಮೊಮ್ಮೆ ಮೂಗು ಒರಸ್ಕೊಂತಾಳ. ಎಂಟು ದಿನ ನೋಡಿದ ಅತ್ತಿ ಒಂದಿನ ಎದುರಿಗೆ ಬಂದು ಕುಂತಳು.

"ಅಷ್ಟು ಚಲೋ ಐತೇನವ್ವ? ನನಗೂ ಓದಿ ಹೇಳು."

ಸೊಸಿ ಏನ್ ಮಾಡ್ತಾಳ. ಪುಸ್ತಕ ಎದಿಗೆ ಹತ್ರ ಹಿಡಕೊಂಡು, ಅವತ್ತಿನ ಕಂತು ನೋಡಿಕೋಂತ ಓದಿದಂಗ ಹೇಳಾಕತ್ತಿದಳು. ನಾದಿನಿ ಸಕ್ರಿ ಡಬ್ಬಿಗೆ ಉಪ್ಪು ಸುರುವಿದ್ದು, ಹಿರಿ ಸೊಸಿ ಮ್ಯಾಲೆ ಅಪವಾದ ಬಂದದ್ದು, ಎಲ್ಲಾ. ಅತ್ತಿ ಬಾಯಿ ಮ್ಯಾಲೆ ಸೆರಗು ಇಟಗೊಂಡು ಕೇಳಿದಳು. ಮರುದಿನ ಮುಸುರಿ ತಿಕ್ಕೋದು ಬಿಟ್ಟು ಓಡಿಬಂದು, "ನಿನ್ನೆ ಎಲ್ಲಿಗೆ ನಿಂತಿತ್ತು?" ಅಂದಳು. ನಡುವ ಜಾಹೀರಾತು ಬಂದ್ರ ಸೊಸಿ "ಇರ್ರಿ ಅತ್ತಿ, ಪುಟ ಅಂಟಿಕೊಂಡೈತಿ" ಅಂತಿದ್ದಳಂತ.

ಹಿಂಗ ತಿಂಗಳು ನಡೀತು. ಒಂದಿನ ಅತ್ತಿ ಬಾಜು ಮನಿಗೆ ಸಾಂಬಾರಪುಡಿ ಕೇಳಾಕ ಹೋದಳು. ಅಲ್ಲಿ ಟೀವ್ಯಾಗ ಹಳೇ ಕಂತು ಮತ್ತ ಹಾಕಿದ್ರು. ನೋಡ್ತಾಳ, ಅದ ನಾದಿನಿ, ಅದ ಸಕ್ರಿ ಡಬ್ಬಿ. ಪುಡಿ ಅಲ್ಲೇ ಬಿಟ್ಟು ಸೀದಾ ನನ್ನ ಮನಿಗೆ ಬಂದಳು. ಆಕಿ ಮುಖ ಕೆಂಪಗಾಗಿತ್ತು. ಸೊಸಿ ಸಿಕ್ಕುಬಿದ್ದಳು, ಅದರ ಹಿಂದ ನಾನೂ ಬಿದ್ದೆ ಅಂತ ಎದ್ದು ನಿಂತೆ.

"ನಮ್ಮ ಸೊಸಿ ಪುಸ್ತಕ ಮಾಡಿದಾವ ನೀನ ಅಲ್ಲೇನಪ?" ಅಂದಳು.

"ಹೌದವ್ವ."

"ಟೀವಿಯವರು ಅದನ್ನ ಕದ್ದು ಆಟ ಮಾಡ್ಯಾರ. ನೀ ಇಲ್ಲಿ ಅಂಟು ಕಲಸ್ಕೋಂತ ಕುಂತೀಯಲ್ಲ, ಹೋಗಿ ಕೇಸ್ ಹಾಕು."

ಮಂಚದ ಕೆಳಗ

ಆಷಾಢ ಮುಗಿಯಾಕ ಬಂದಿತ್ತು. ಮುಂಜಾನಿ ಹತ್ತಕ್ಕ ಬಾಗಲಾ ಬಡದ ಸಪ್ಪಳ. ಹೆಂಡತಿ ಕಿಟಕ್ಯಾಗ ಇಣಿಕಿ, "ಅಪ್ಪ" ಅಂದಳು. ಅಷ್ಟ. ಕಣ್ಣು ಮಿಟಕಸೂದ್ರಾಗ ಎಂಟು ಹೊಟ್ಟಿ ಪುಸ್ತಕ, ಬ್ಲೇಡು, ಅಂಟಿನ ಡಬ್ಬಿ, ಎಲ್ಲಾ ಮಂಚದ ಕೆಳಗ ದಬ್ಬಿ ಮ್ಯಾಲಿಂದ ಕೌದಿ ಇಳಿಬಿಟ್ಟಳು.

ಮಾವ ಕೋಲು ಊರಿಕೋಂತ ಬಂದ್ರು. ಮನಿಯಾಗ ಎರಡು ಕುರ್ಚಿ ಇದ್ದವು. ಅವರು ಹೋಗಿ ಕುಂತಿದ್ದು ಮಂಚದ ಮ್ಯಾಲೆ. ನಾನು ನೀರಿನ ಚೆಂಬು ಕೊಟ್ಟೆ. ಅವರ ಕೈ ಚೆಂಬಿನ ಬಾಜು ಗಾಳ್ಯಾಗ ಹೋತು, ಆಮ್ಯಾಲೆ ಹೊಳ್ಳಿ ಬಂದು ಹಿಡೀತು. ವಯಸ್ಸಾತು ಅಂದುಕೊಂಡೆ.

ಮಳಿ, ಬಿತ್ತನಿ, ಯಾರ ಮನಿ ಎಮ್ಮಿ ಈದದ್ದು, ಎಲ್ಲಾ ಮಾತಾತು. ಅಷ್ಟರಾಗ ಅವರ ಕೋಲು ಜಾರಿ ಮಂಚದ ಕೆಳಗ ಹೋತು. "ನಾ ತೆಗೀತೀನಿ ಬಿಡ್ರಿ ಮಾವಾರ" ಅ‌ನ್ನೋದ್ರಾಗ ಅವರೇ ಬಗ್ಗಿ ಕೈಯಾಡಿಸಿದ್ರು. ಕೈಗೆ ಬಂದಿದ್ದು ಕೋಲಲ್ಲ, ಪುಸ್ತಕ. ರೂಢಿ ಪ್ರಕಾರ ಕಣ್ಣಿಗೊತ್ತಿಕೊಂಡ್ರು. ಆಮ್ಯಾಲೆ ತೆಗದ್ರು. ಬೆರಳು ಒಳಗ ಇಳದವು.

ಹೆಂಡತಿ ಅಡಗಿಮನಿ ಬಾಗಲದಾಗ ನಿಂತು "ಅಪ್ಪಾ, ಅದು..." ಅಂದು ಅಳಾಕತ್ತಿದಳು. "ಮಾವಾರ, ಅದು ಯಾರೂ ಓದದ ಪುಸ್ತಕ್ರಿ, ಕಾಯ್ದೆ ಬದಲಾಗಿ..." ಅಂತ ನಾನು ತೊದಲಿದೆ. ಅವರು ಎರಡೂ ಮಾತು ಕಿವಿಗೆ ಹಾಕ್ಕೊಳ್ಳಲಿಲ್ಲ. ತೂತಿನ ನಾಕೂ ಮೂಲಿಗೆ ಬೆರಳು ಆಡಿಸಿ, ಗೇಣು ಹಾಕಿ ಉದ್ದ ಅಳದು, ಅಗಲ ಅಳದು, ಕಡೀಕ ತಲಿ ಎತ್ತಿದ್ರು.

"ಅಳಿಯಾರ, ಇದರಾಗ ಸಾಲಿ ಹುಡುಗರ ಪಾಟಿ ಒಂದು ಹಿಡಿಸ್ತೈತೇನ್ರಿ?"

ನಮ್ಮನಿಯವರು

ವಿಷಯ ಹಿಂಗಿತ್ತು. ಮಾವನ ಎರಡೂ ಕಣ್ಣಿಗೆ ಪೊರಿ ಬಂದಿತ್ತು. ಅಕ್ಷರ ಕಾಣ್ತಿರಲಿಲ್ಲ. ಡಾಕ್ಟ್ರು ಆಪರೇಶನ್ ಅಂದಿದ್ರು. ಮಾಡಿಸಿಕೊಂಡ್ರ ಶ್ರಾವಣ ತಪ್ಪತೈತಿ.

"ಪೀಠ ಅನ್ನೋದು ಬಸ್ಸಿನ ಸೀಟು ಇದ್ದಂಗ್ರಿ ಅಳಿಯಾರ. ಒಂದ್ಸಲ ಎದ್ರ ಕುಂತಾವ ಏಳಂಗಿಲ್ಲ" ಅಂದ್ರು.

ಕುಂದ್ರಾಕ ಒಬ್ಬರು ತಯಾರೂ ಇದ್ರು. ಊರಿಗೆ ಹೊಸದಾಗಿ ಬಂದ ಹೈಸ್ಕೂಲ್ ಮಾಸ್ತರು. ಮನುಷ್ಯ ಕೆಟ್ಟಾವಲ್ಲ, ಬರೀ ತಿದ್ದೋ ಚಟ. ಹೊಸಾ ಅಚ್ಚಿನ ಪುರಾಣ ಕೊಂಡುಕೊಂಡು ಮೊದಲನೇ ಸಾಲಿನ್ಯಾಗ ಕುಂತು, ಮಾವ ಓದಿದ್ದರ ಮ್ಯಾಲೆ ಬೆರಳು ಇಟಗೊಂಡು ಬರ್ತಿದ್ರು. ಮಾವಗ ಪುರಾಣ ಪೂರ್ತಿ ಬಾಯಿಪಾಠ. ಪ್ರತಿ ಪದ್ಯದ ಮೊದಲ ಶಬ್ದ ಒಂದು ಸಿಕ್ರ ಸಾಕು, ಉಳದದ್ದು ನಾಲಿಗಿಗೆ ಗೊತ್ತು. ಅದಕ್ಕ ದಿನಾ ಆ ಮೊದಲ ಶಬ್ದಗಳನ್ನ ಪಾಟಿ ಮ್ಯಾಲೆ ಬಳಪದಿಂದ ದೊಡ್ಡದಾಗಿ ಬರದು, ಆ ಪಾಟಿ ಪುರಾಣದೊಳಗ ಇಡಬೇಕು. "ಹಂಗ ಪಾಟಿ ಹಿಡಕೊಂಡು ಕುಂತ್ರ ತಾತನ್ನ ಒಂದನೇ ಇಯತ್ತೆಗೆ ಹಾಕ್ಯಾರ ಅಂತಾರ" ಅಂದ್ರು. ನಕ್ಕೋಂತ ಅಂದ್ರು, ಆದ್ರ ಪುಸ್ತಕ ಕೈಯಿಂದ ಬಿಡಲಿಲ್ಲ. ನಾನು ಮಂಚದ ಕೆಳಗಿಂದ ಅಂಟಿನ ಡಬ್ಬಿ ಹೊರಗ ಎಳದೆ. ಆ ಮುದುಕ ಅಂದ್ರ ನನಗ ಅಷ್ಟು ಜೀವ ಅಂತ ಅವತ್ತಿನವರೆಗೂ ಗೊತ್ತಿರಲಿಲ್ಲ.

ಪುರಾಣದ ಹೊಟ್ಟಿಗೆ ನಾ ಬ್ಲೇಡು ಹಚ್ಚಲಿಲ್ಲ. ಅದರ ಹಳೇ ರಟ್ಟು ಬಿಚ್ಚಿ, ಹಾಳಿ ಎಲ್ಲಾ ಮಡಿ ಅರಿವ್ಯಾಗ ಕಟ್ಟಿ ಟ್ರಂಕಿನ್ಯಾಗಿಟ್ಟೆ. ಮ್ಯಾಲೆ ತಿರುವಿ ಹಾಕಾಕ ಹತ್ತು ಹಾಳಿ ಮಾತ್ರ ಉಳಿಸಿಕೊಂಡೆ. ಅದ ರಟ್ಟಿನೊಳಗ ಒಂದು ಹಳೇ ರಿಜಿಸ್ಟರು ಕೂಡಿಸಿ, ಅದರ ಹೊಟ್ಟಿ ಕೊಯ್ದು, ಕಟ್ಟಿಗಿ ಚೌಕಟ್ಟಿನ ಪಾಟಿ ಕೂಡುವಂಗ ಮಾಡಿದೆ. ಹೆಂಡತಿ ಶ್ರಾವಣಕ್ಕಂತ ತವರಿಗೆ ಹೋಗಿ ದಿನಾ ಪಾಟಿ ಬರಿಯೋ ಕೆಲಸಕ್ಕ ನಿಂತಳು.

ಇಪ್ಪತ್ತು ದಿನ ಸುಸೂತ್ರ ನಡೀತು. ಆಮ್ಯಾಲೆ ಮಾಸ್ತರು ದೈವದ ಹಿರಿಯರ, ಅಂದ್ರ ಊರ ಪಂಚರ ಹತ್ರ ಹೋಗಿ, "ತಾತಾರು ಎಂಟು ದಿನದಿಂದ ಒಂದ ಪುಟ ನೋಡಾಕತ್ಯಾರ್ರಿ, ತಿರುವಿದ್ದ ನಾ ಕಂಡಿಲ್ಲ" ಅಂದ್ರು. ಅವತ್ತಿಂದ ಮಾವ ಆ ಹತ್ತು ಹಾಳಿನ ಹಿಂದ ಮುಂದ ತಿರುವಿದ್ದೂ ತಿರುವಿದ್ದ, ಗಾಳಿ ಬೀಸಾಕತ್ತಿತು. ಆದ್ರ ಅನುಮಾನ ಹೊಕ್ಕಿತ್ತು. ಪುರಾಣ ಮುಗಸೋ ಮಂಗಲದ ದಿನ ಮುಂಜಾನಿ ಕಡೀ ಓದು. ಅವತ್ತ ಮಾಸ್ತರು ಪೀಠದ ಬಾಜು ಕುಂತು ತಮ್ಮ ಪುಸ್ತಕ ಹಿಡದು ಒಪ್ಪಿಸಿಕೊಳ್ಳೋದು, ಮುಂದಿನ ವರ್ಷದ ಪೀಠ ಯಾರಿಗಂತ ಆಮ್ಯಾಲೆ ತೀರ್ಮಾನ ಮಾಡೋದು ಅಂತ ದೈವದಾಗ ಠರಾವ್ ಆತು.

ಅವತ್ತ ನಾನೂ ಕುರುಗೋಡಿಗೆ ಹೋಗಿದ್ದೆ. ಊರಿಗೆಲ್ಲಾ ಹೋಳಿಗಿ ಊಟ, ಹೂರಣದ ಉಸ್ತುವಾರಿ ನನ್ನ ಹೆಂಡತಿದು. ಒಂದು ಕೈಯಾಗ ಸೌಟು, ಇನ್ನೊಂದು ಕೈಯಾಗ ಬಳಪ. ಪಾಟಿಯ ಒಂದು ಮಗ್ಗಲಿಗೆ ಪದ್ಯದ ಶಬ್ದ ಬರದು, ಇನ್ನೊಂದು ಮಗ್ಗಲಿಗೆ ಅಡಗಿಯವರಿಗೆ ಇನ್ನೂ ಬೇಕಾದ ಸಾಮಾನಿನ ಪಟ್ಟಿ ಬರದಿದ್ದಳು. ತಿಂಗಳಿಂದ ದೊಡ್ಡಕ್ಷರಕ್ಕ ಕೈ ಬಿದ್ದಿತ್ತು, ಅದನ್ನೂ ಹಂಗ ಬರದಿದ್ದಳು. ಅಡಗಿಯವರಿಗೆ ಓದಿ ಹೇಳಿ, ಪಾಟಿ ನನ್ನ ಕೈಗೆ ಕೊಟ್ಟು, "ಲಗೂ ಪುಸ್ತಕದಾಗ ಇಟ್ಟು ಗುಡಿಗೆ ಒಯ್ರಿ" ಅಂದಳು. ನಾನು ಇಟ್ಟೆ. ಯಾವ ಮಗ್ಗಲು ಮ್ಯಾಲೆ ಅಂತ ನೋಡಿದ್ರ ನಾನ್ಯಾಕ ಬೈಂಡರ್ ಆಗ್ತಿದ್ದೆ.

ಗುಡಿ ತುಂಬಿತ್ತು. ಮಾವ ಪುಸ್ತಕಕ್ಕ ಕೈಮುಗದು ತೆಗದ್ರು; ಪೀಠ ಎತ್ತರ, ಕೆಳಗ ಕುಂತ ಮಾಸ್ತರಿಗೆ ರಟ್ಟು ಅಷ್ಟ ಕಾಣ್ತಿತ್ತು. ಹತ್ತು ಹಾಳಿ ತಿರುವಿ ಬಗ್ಗಿ ನೋಡಿದ್ರು. ಇನ್ನಷ್ಟು ಬಗ್ಗಿದ್ರು. ಆಮ್ಯಾಲೆ ತಲಿ ಎತ್ತಿ ಹೆಂಗಸರ ಕಡೆ ನೋಡಿದ್ರು. ಅಲ್ಲಿ ನನ್ನ ಹೆಂಡತಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಆಗ ನನಗ ತಿಳೀತು. ಪಾಟಿ ತಿರುಗುಮುರುಗಾಗಿ ಕುಂತಿತ್ತು. ನಲವತ್ತು ವರ್ಷದ ಪೀಠ ನನ್ನ ಕೈಯಾಗ ಹೋತು.

ಮಾವ ಕಣ್ಣು ಮುಚ್ಚಿದ್ರು. ಗಂಟಲು ಸರಿ ಮಾಡಿಕೊಂಡು ರಾಗ ಎತ್ತಿದ್ರು.

"ಕಡಲಿಬ್ಯಾಳೀ... ಐದು ಸೇರೂ..."

ಹಾರ್ಮೋನಿಯಂದವ ಒಂದು ಗಳಿಗಿ ನಿಂತು, ಮತ್ತ ಹಿಡದ. ಮಾವ ಅರ್ಥಕ್ಕ ಇಳದ್ರು. "ಕಡ್ಲಿ ಯಾವುದು? ಈ ಅಹಂಕಾರ. ಒಡದ್ರ ಬ್ಯಾಳಿ. ಐದು ಸೇರು ಯಾವುವು? ಕಣ್ಣು, ಕಿವಿ, ಮೂಗು, ನಾಲಿಗಿ, ಚರ್ಮ. ಇವು ಕುದಿಬೇಕು. ಕುದೀದ ಬ್ಯಾಳಿ ಹೂರಣ ಆಗಂಗಿಲ್ಲ, ಕುದೀದ ಮನುಷ್ಯ ಶರಣ ಆಗಂಗಿಲ್ಲ." ಜನ "ಹೌದು ಹೌದು" ಅಂದ್ರು. "ಬೆಲ್ಲಾ ಆರು ಅಚ್ಚೂ... ಈ ಆರು ಯಾರು? ಕಾಮ, ಕ್ರೋಧ, ಲೋಭ, ಮೋಹ, ಮದ, ಮತ್ಸರ. ವೈರಿಗಳು ಖಾರ ಆಗಿ ಬರಂಗಿಲ್ರಪ, ಬೆಲ್ಲಾಗಿ ಬರ್ತಾವ. ಹಳೇ ಎಣ್ಣೀ ಬ್ಯಾಡಾ... ನಿನ್ನಿನ ಸಿಟ್ಟಿನ ಎಣ್ಣ್ಯಾಗ ಇವತ್ತಿನ ಹೋಳಿಗಿ ಬೇಯಿಸಬ್ಯಾಡ್ರಿ, ವಾಸನಿ ಬರ್ತೈತಿ."

ಇಲ್ಲಿಗೆ ಬರೋದ್ರಾಗ ಹಿಂದಿನ ಸಾಲಿನ್ಯಾಗ ಒಬ್ಬ ಹೆಣ್ಮಗಳು ಬಿಕ್ಕಿದಳು. ಆರು ವರ್ಷದಿಂದ ಮಾತು ಬಿಟ್ಟಿದ್ದ ಆಕಿ ನೆಗೆಣ್ಣಿ, ಗಂಡನ ತಮ್ಮನ ಹೆಂಡತಿ, ಎದ್ದು ಬಂದು ಆಕಿ ಕೈ ಹಿಡದಳು. ನಲವತ್ತು ವರ್ಷ ಖರೇ ಪುರಾಣ ಓದಿದ್ರೂ ಆಗದ್ದು ಹೂರಣದ ಪಟ್ಟಿಯಿಂದ ಆತು.

ಪಾಟಿ ಮ್ಯಾಲೆ ಇನ್ನೊಂದು ಸಾಲು ಉಳದಿತ್ತು. ನನಗ ಸಕ್ರಿ ಬ್ಯಾನಿ ಐತಿ, ಹೋಳಿಗಿ ಬಡಿಸಬ್ಯಾಡ್ರಿ ಅಂತ ಅಡಗಿಯವರಿಗೆ ಹೇಳಾಕ ಆಕಿ ಬರದಿದ್ದು. ಗಂಡನ ಹೆಸರು ಆಕಿ ಬಾಯಾಗಷ್ಟ ಅಲ್ಲ, ಬಳಪದಾಗೂ ತರಂಗಿಲ್ಲ. ಎಲ್ಲಾರೂ ಗಂಡಗ ಅಂದಂಗ "ನಮ್ಮನಿಯವರು" ಅಂತ ಬರದಿದ್ದಳು. ಮಾವ ಅದನ್ನೂ ರಾಗದಾಗ ಎತ್ತಿದ್ರು.

"ನಮ್ಮನಿಯವರಿಗೇ... ಹೋಳಿಗಿ ಬ್ಯಾಡಾ..."

ಒಂದು ಉಸಿರು ಬಿಟ್ಟು ಅರ್ಥ ಹೇಳಿದ್ರು. "ಪುರಾಣ ಹೇಳೋ ಮನಿಯವರು ಊರ ಸಿಹಿಗೆ ಆಸಿ ಪಡಬಾರದು. ಊರು ಉಣ್ಣಬೇಕು, ತಾವು ನೋಡಿ ತೃಪ್ತಿ ಪಡಬೇಕು." ಗುಡಿಗೆ ಗುಡಿ ಕೈಮುಗೀತು.

ಇತ್ತ ಮಾಸ್ತರು ಬೆರಳು ಇಟಗೊಂಡು ಪುಸ್ತಕ ತಲಿಯಿಂದ ಕಾಲಿನವರೆಗೂ ಹುಡಿಕಿದ್ರು. ಕಡೀಕ ಎದ್ದು ನಿಂತ್ರು. "ತಾತಾರ, ಈ ಪದ್ಯ ನನ್ನ ಪುಸ್ತಕದಾಗ ಇಲ್ರಿ."

"ನಿಮ್ಮದು ಯಾವ ಅಚ್ಚು?"

"ಹೊಸಾದ್ರಿ."

"ಅದಕ್ಕ" ಅಂದ್ರು ಮಾವ.

ಮಾಸ್ತರು "ನಿಮ್ಮದು ಒಂದ್ಸಲ ನೋಡ್ಲೇನ್ರಿ" ಅಂತ ಕೈ ಮುಂದ ಮಾಡಿದ್ರು. ಅಷ್ಟರಾಗ ಮಾವ ಪುಸ್ತಕ ಮುಚ್ಚಿ ಮಂಗಲ ಅಂದುಬಿಟ್ರು. ಪೂಜಾರಿ ಪುಸ್ತಕದ ಮ್ಯಾಲೆ ಶಾಲು ಹೊಚ್ಚಿದ, ಹೆಂಗಸರು ಹೂವು ಸುರುವಿದ್ರು. ಮಂಗಲ ಆದ ಪುರಾಣ ಮುಂದಿನ ಶ್ರಾವಣದ ತನಕ ಯಾರೂ ತೆಗಿಯಂಗಿಲ್ಲ. ದೈವದ ಹಿರಿಯರು ಎದ್ದು, "ಮಾಸ್ತರ, ನಿಮ್ಮ ಪುಸ್ತಕದಾಗ ಇನ್ನೂ ಎಷ್ಟು ಇಲ್ಲೋ ಯಾರಿಗ್ಗೊತ್ತು. ಯಾರ ಪುಸ್ತಕ ತುಂಬೈತೋ ಅವರ ಕುಂದರ್ಲಿ" ಅಂತ ತೀರ್ಪು ಕೊಟ್ರು. ಮಾವ ಇರೋತನಕ ಪೀಠ ಮಾವಂದ. ಇನ್ನ ಧೈರ್ಯದಿಂದ ಕಣ್ಣಿನ ಆಪರೇಶನ್ ಮಾಡಿಸಬಹುದು. ನನಗ ಅಳು ಬಂತು, ಭಕ್ತಿ ಅಂತ ಬಾಜು ಕುಂತಾವರು ತಿಳಕೊಂಡ್ರು.

ಊಟಕ್ಕ ಕುಂತಿವಿ. ನಾನು, ಮಾವ ಒಂದ ಸಾಲಿನ್ಯಾಗ. ಮುಂಜಾನಿ ಮೂರಕ್ಕ ಎದ್ದು ಹೂರಣ ರುಬ್ಬಿದ ನನ್ನ ಹೆಂಡತಿ ಎದುರು ಸಾಲಿನ್ಯಾಗ. ಹೋಳಿಗಿ ಬುಟ್ಟಿ ಬಂತು. ಬಡಸಾವ ನನ್ನ ಎಲಿ ದಾಟಿದ. ಅದು ಇದ್ದದ್ದ. ಆದ್ರ ಮಾವನ ಎಲಿನೂ ದಾಟಿದ. ಮಾವ "ಏ ತಮ್ಮಾ" ಅಂದ್ರ, ಅವ ಬುಟ್ಟಿ ಕೆಳಗಿಟ್ಟು ಕೈಮುಗದು, "ತಪ್ಪು ಮಾಡಸಬ್ಯಾಡ್ರಿ ತಾತಾರ, ನಿಮ್ಮನಿಯವರಿಗೆ ಬ್ಯಾಡ ಅಂತ ಪುರಾಣದಾಗ ಬಂದೈತಿ" ಅಂದ. ಹೋಗಿ ನನ್ನ ಹೆಂಡತಿ ಎಲಿನೂ ದಾಟಿದ. ಬಾಜು ಎಲಿಯಾಗ ಮಾಸ್ತರಿಗೆ ತುಪ್ಪ ಸುರದು ಮೂರು ಹೋಳಿಗಿ ಹಾಕಿದ.

ಮಾವ ನನ್ನ ಕಿವಿ ಹತ್ರ ಬಗ್ಗಿ, "ಅಳಿಯಾರ, ಪೊರಿ ಬಂದ ಕಣ್ಣಿಗೆ ಆ ಮೂರೂ ನಿಚ್ಚಳ ಕಾಣಾಕತ್ತಾವ್ರಿ" ಅಂದ್ರು.

ಹೆಂಡತಿ ತನ್ನ ಖಾಲಿ ಎಲಿ ನೋಡಿದಳು, ಅಪ್ಪನ ಎಲಿ ನೋಡಿದಳು, ಆಮ್ಯಾಲೆ ನನ್ನ ನೋಡಿದಳು.

"ಮುಂದಿನ ವರ್ಷ ಸುಮ್ಮನ ನಿಮ್ಮ ಹೆಸರ ಬರೀತೀನಿ" ಅಂದಳು.